ನುಡಿಗೆ ಹೊಸ ಮನೆ ಮಾಡುವಾಗ...

ಅಜ್ಜಿ ಹೇಳಿಕೊಟ್ಟ ಹಸೆ ಹಾಡು, ಅಮ್ಮನ ಅಪ್ಪೆಹುಳಿ-ತಂಬುಳಿ ಮಾಡುವ ವಿಧಾನ, ಮನೆಖರ್ಚಿನ ಲೆಕ್ಕ ಎಲ್ಲವನ್ನೂ ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಟೈಪ್ ಮಾಡಿಟ್ಟ ಗೃಹಿಣಿಯರು ಕಡಿಮೆಯೇನಿಲ್ಲ. ಒಂದು ದಿನ 'ಸಿ ಡ್ರೈವ್‌ನಲ್ಲಿ ಜಾಗವಿಲ್ಲ' ಅಂತ ಕಂಪ್ಯೂಟರ್ ಹೇಳುತ್ತೆ. ನುಡಿಯನ್ನು ಡಿ ಡ್ರೈವ್‌ಗೆ ಹಾಕೋಣ ಅಂತ ಹಳೆಯ ಫೋಲ್ಡರನ್ನೇ ಅಳಿಸಿಬಿಟ್ಟರೆ ತೊಂದರೆ ಶುರು. ಹೊಸದಾಗಿ ಹಾಕಲು ಹೋದರೆ 'ಈಗಾಗಲೇ ಇದೆ' ಎನ್ನುತ್ತೆ, ತೆರೆಯಲು ಹೋದರೆ ಇಲ್ಲ!

ಯಾಕೆ ಹೀಗೆ?

ನಮ್ಮ ಕೆಳದಿ ಅರಸರ ಕತೆ ನೆನಪಿಸಿಕೊಳ್ಳಿ. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ 17ನೇ ಶತಮಾನದಲ್ಲಿ ಈಗಿನ ಹೊಸನಗರ ತಾಲ್ಲೂಕಿನ ಬಿದನೂರಿಗೆ ಹೋಯಿತು. ಆದರೆ ಟಂಕಸಾಲೆ ಬದಲಾದರೂ ನಾಣ್ಯಕ್ಕೆ 'ಇಕ್ಕೇರಿ ವರಹ' ಅನ್ನೋ ಹೆಸರೇ ಉಳಿಯಿತು. ಕಂಪ್ಯೂಟರಿನದೂ ಅದೇ ಬುದ್ಧಿ. ವಿಂಡೋಸ್‌ನಲ್ಲಿ ರಿಜಿಸ್ಟ್ರಿ ಅನ್ನೋ ವಿಳಾಸದ ಪುಸ್ತಕವಿದೆ. ಫೋಲ್ಡರ್ ಅಳಿಸಿದರೂ ಅದರಲ್ಲಿ ಹಳೆಯ ವಿಳಾಸ ಹಾಗೇ ಇರುತ್ತೆ. ಫೋಲ್ಡರನ್ನು ಎಳೆದು ಬೇರೆ ಕಡೆ ಹಾಕಿದರೂ ಅಷ್ಟೇ.

ಹೀಗೆ ಮಾಡಿ

* ಮೊದಲು ನೀವು ಬರೆದ ಕಡತಗಳನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಇದಾಗದೆ ಮುಂದಿನ ಕೆಲಸ ಬೇಡ.

* ತಂತ್ರಾಂಶವನ್ನು ಕಂಟ್ರೋಲ್ ಪ್ಯಾನೆಲ್‌ನ ಪಟ್ಟಿಯಿಂದಲೇ ಅನ್‌ಇನ್‌ಸ್ಟಾಲ್ ಮಾಡಿ. ನಂತರ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ.

* ಫೋಲ್ಡರನ್ನು ಆಗಲೇ ಅಳಿಸಿದ್ದು, ಅನ್‌ಇನ್‌ಸ್ಟಾಲ್ ಆಗುತ್ತಿಲ್ಲವೇ? ಅದೇ ಆವೃತ್ತಿಯನ್ನು ಹಳೆಯ ಜಾಗದಲ್ಲೇ ಮತ್ತೊಮ್ಮೆ ಹಾಕಿ, ಆಮೇಲೆ ಕ್ರಮವಾಗಿ ತೆಗೆಯಿರಿ. ಸಾಮಾನ್ಯವಾಗಿ ಹಳೆಯ ವಿಳಾಸವೂ ಇದರ ಜೊತೆ ಹೋಗುತ್ತೆ.

* ಈಗ ಸೆಟಪ್ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿ. ಜಾಗ ಕೇಳಿದಾಗ 'ಬ್ರೌಸ್' ಒತ್ತಿ ಹೊಸ ಫೋಲ್ಡರ್ ತೋರಿಸಿ.

* ಪರದೆ ಮೇಲಿನ ಹಳೆಯ ಶಾರ್ಟ್‌ಕಟ್ ಇನ್ನೂ ಹಳೆಯ ಮನೆ ಬಾಗಿಲನ್ನೇ ತಟ್ಟುತ್ತೆ. ಅದನ್ನು ತೆಗೆದು ಹೊಸದು ಮಾಡಿಕೊಳ್ಳಿ.

ಅಕ್ಷರ ಕೆಟ್ಟರೆ ಹೆದರಬೇಡಿ

ಎಲ್ಲ ಮುಗಿದ ಮೇಲೆ ಹಸೆ ಹಾಡಿನ ಕಡತ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ತುಂಬಿರಬಹುದು. ಅಯ್ಯೋ, ಎಲ್ಲ ಹೋಯ್ತು ಅಂತ ಅಳಿಸಿಬಿಡಬೇಡಿ! ಬರಹ ಅಲ್ಲೇ ಇದೆ, ಫಾಂಟ್ ಮಾತ್ರ ಕಾಣೆಯಾಗಿದೆ. ಫಾಂಟ್‌ಗಳು ಇರೋದು ನೀವು ಆರಿಸಿದ ಫೋಲ್ಡರ್‌ನಲ್ಲಲ್ಲ, ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಲ್ಲಿ. ಅಲ್ಲಿ ನುಡಿ ಫಾಂಟ್‌ಗಳಿವೆಯೇ ನೋಡಿ. ಇಲ್ಲದಿದ್ದರೆ ಅಲ್ಲಿಗೆ ಸೇರಿಸಿ. ಬಳಿಕ ಇಡೀ ಬರಹವನ್ನು ಆರಿಸಿ, ಮೊದಲು ಬಳಸಿದ್ದ 'ನುಡಿ 01 ಇ'ಯಂಥ ಫಾಂಟ್ ಕೊಡಿ.

ಅಕ್ಷರ ಸರಿಯಾದ ಮೇಲೆ ಇನ್ನೊಂದು ಕೆಲಸವಿದೆ. ನುಡಿಯ ಜೊತೆ ಬರುವ ಪರಿವರ್ತಕದಿಂದ ಹಳೆಯ ಕಡತಗಳ ಯೂನಿಕೋಡ್ ಪ್ರತಿಯನ್ನೂ ಮಾಡಿಡಿ. ಆಗ ನುಡಿ ಇಲ್ಲದ ಕಂಪ್ಯೂಟರಿನಲ್ಲೂ, ಮೊಬೈಲಿನಲ್ಲೂ ಓದಬಹುದು.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳಲಾಗದು. ಯುಪಿಎಸ್ ಇಲ್ಲದಿದ್ದರೆ ಗುಡುಗು-ಗಾಳಿಯ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಅಜ್ಜಿಯ ಹಾಡನ್ನು ಮತ್ತೆ ಕೇಳಿ ಬರೆದುಕೊಳ್ಳೋಕೆ ಎಲ್ಲರಿಗೂ ಆಗೋದಿಲ್ಲ ಅಲ್ವಾ?