ಉತ್ತರದಾಯಿತ್ವ ಕಾನೂನು: ಅಮೆರಿಕದ ಶಾಲಾ ಮಂಡಳಿಗಳು ಅರಿಯಬೇಕಾದುದೇನು?

ಅಮೆರಿಕದ ಶಾಲಾ ಜಿಲ್ಲೆಗಳ ಆಡಳಿತ ನಡೆಸುವ ಮಂಡಳಿಗಳ ಸದಸ್ಯರು ಬಹುತೇಕ ಸ್ಥಳೀಯ ಮತದಾರರಿಂದ ಆಯ್ಕೆಯಾದವರು. ಶಿಕ್ಷಣ ತಜ್ಞರೇ ಆಗಿರಬೇಕೆಂದಿಲ್ಲ. ಆದರೂ ಕೇಂದ್ರ ಸರ್ಕಾರದ ಶಿಕ್ಷಣ ಕಾನೂನನ್ನು ಅರ್ಥ ಮಾಡಿಕೊಳ್ಳದೆ ಅವರಿಗೆ ಗತ್ಯಂತರವಿಲ್ಲ.

ಅಧ್ಯಕ್ಷ ಜಾರ್ಜ್ ಬುಷ್ 2002ರ ಜನವರಿಯಲ್ಲಿ ಸಹಿ ಹಾಕಿದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆಯು 2014ರ ವೇಳೆಗೆ ಎಲ್ಲ ಮಕ್ಕಳೂ ಓದು ಮತ್ತು ಗಣಿತದಲ್ಲಿ ಪ್ರಾವೀಣ್ಯ ಗಳಿಸಬೇಕೆಂದು ವಿಧಿಸಿತ್ತು. ಆ ಗುರಿ ಈಡೇರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಬರಾಕ್ ಒಬಾಮ ಸಹಿ ಹಾಕಿದ 'ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್' ಕಾಯ್ದೆ ಅದರ ಸ್ಥಾನಕ್ಕೆ ಬಂದಿತು.

ಹೊಸ ಕಾಯ್ದೆಯಲ್ಲೂ ಪರೀಕ್ಷೆಗಳು ಉಳಿದವು. ಓದು ಮತ್ತು ಗಣಿತದಲ್ಲಿ 3ರಿಂದ 8ನೇ ತರಗತಿಯವರೆಗೆ ಪ್ರತಿವರ್ಷ, 9ರಿಂದ 12ರ ನಡುವೆ ಒಮ್ಮೆ ಪರೀಕ್ಷೆ ಕಡ್ಡಾಯ. ಆದರೆ ಗುರಿಗಳನ್ನು ಗೊತ್ತುಪಡಿಸುವ ಅಧಿಕಾರ ಬಹುಮಟ್ಟಿಗೆ ರಾಜ್ಯಗಳಿಗೆ ಮರಳಿತು. ಬಡ ಮಕ್ಕಳಿಗೆಂದು ಕೇಂದ್ರವು ನೀಡುವ 'ಟೈಟಲ್ 1' ನೆರವು ಪಡೆಯುವ ಶಾಲೆಗಳ ಪೈಕಿ ತೀರಾ ಹಿಂದುಳಿದ ಕನಿಷ್ಠ ಶೇ. 5ರಷ್ಟನ್ನು ರಾಜ್ಯವು 3 ವರ್ಷಕ್ಕೊಮ್ಮೆಯಾದರೂ ಗುರುತಿಸಬೇಕು. ಅವುಗಳ ಸುಧಾರಣಾ ಯೋಜನೆಯನ್ನು ಪೋಷಕರು ಮತ್ತು ಶಿಕ್ಷಕರೊಡನೆ ಸಮಾಲೋಚಿಸಿ ರೂಪಿಸುವ ಹೊಣೆ ಜಿಲ್ಲೆಯದು.

ಮಂಡಳಿಗಳು ಎಚ್ಚರ ವಹಿಸಬೇಕಾದುದು ಸರಾಸರಿಯ ವಿಷಯದಲ್ಲಿ. ಶಾಲೆಯ ಒಟ್ಟು ಫಲಿತಾಂಶ ಉತ್ತಮವಾಗಿದ್ದರೂ ಬಡ ಮಕ್ಕಳು, ಅಂಗವಿಕಲ ಮಕ್ಕಳು ಅಥವಾ ಇಂಗ್ಲಿಷ್ ಕಲಿಯುತ್ತಿರುವ ವಲಸಿಗರ ಮಕ್ಕಳು ಹಿಂದೆ ಬಿದ್ದಿರಬಹುದು. ಈ ಕಾರಣದಿಂದಲೇ ಇಂತಹ ಗುಂಪುಗಳ ಫಲಿತಾಂಶವನ್ನು ಪ್ರತ್ಯೇಕವಾಗಿ ಪ್ರಕಟಿಸಬೇಕೆಂದು ಕಾನೂನು ಹೇಳುತ್ತದೆ. ಆಯವ್ಯಯಕ್ಕೆ ಅನುಮೋದನೆ ನೀಡುವ ಮುನ್ನ ಸದಸ್ಯರು ಓದಬೇಕಾದುದು ಆ ಅಂಕಿ ಅಂಶಗಳನ್ನೇ. ಹೆಚ್ಚುವರಿ ಶಿಕ್ಷಕರು ಯಾವ ಶಾಲೆಗೆ, ಯಾವ ಮಕ್ಕಳಿಗೆ ಬೇಕೆಂಬುದು ಅಲ್ಲಿಯೇ ತಿಳಿಯುತ್ತದೆ.