ಗುಳಿಗೆ ನುಂಗದವರ ಲೆಕ್ಕ

ಪ್ರಯೋಗಶಾಲೆಯಲ್ಲಿ ತಾಮ್ರದ ತುಂಡೊಂದನ್ನು ಕಾಯಿಸಲು ಹೊರಟರೆ ಅದು "ನಾನು ಕಾಯಲಾರೆ" ಎಂದು ಹಟ ಹಿಡಿಯುವುದಿಲ್ಲ. ಲೋಲಕವು ಇಂದು ತೂಗಲು ಮನಸ್ಸಿಲ್ಲವೆಂದು ಸುಮ್ಮನಿರುವುದಿಲ್ಲ. ಆದರೆ ಮನುಷ್ಯರನ್ನು ಕುರಿತ ಪ್ರಯೋಗಗಳ ಮಾತೇ ಬೇರೆ. ಔಷಧವನ್ನು ಹಂಚುವುದು ಒಂದು, ಅದು ಹೊಟ್ಟೆಗೆ ಸೇರುವುದು ಇನ್ನೊಂದು. ಕೆಲವರು ಮರೆಯುತ್ತಾರೆ, ಕೆಲವರು ಅಂಜುತ್ತಾರೆ, ಕೆಲವರು ಆ ದಿನ ಊರಿನಲ್ಲಿಯೇ ಇರುವುದಿಲ್ಲ. ಹೀಗಿರುವಾಗ ಔಷಧದ ಗುಣವನ್ನು ಅಳೆಯುವುದೆಂತು? ಇದಕ್ಕೆ ಉತ್ತರವಾಗಿ ನಿಜವಾದ ಪ್ರಯೋಗವೊಂದನ್ನೇ ನೋಡೋಣ.

ಇಂಡೊನೇಷ್ಯದ ಸುಮಾತ್ರ ದ್ವೀಪದ ಉತ್ತರದ ತುದಿಯಲ್ಲಿ ಅಚೇ ಎಂಬ ಪ್ರಾಂತವಿದೆ. ಎ ಜೀವಸತ್ತ್ವದ, ಎಂದರೆ ವಿಟಮಿನ್ ಎ ಯ, ಕೊರತೆಯಿಂದ ಮಕ್ಕಳಿಗೆ ಇರುಳುಗಣ್ಣು ಬರುವುದೆಂಬುದು ವಾಚಕರಿಗೆ ತಿಳಿದ ಸಂಗತಿ. ಕಣ್ಣಿನಲ್ಲಿ ಇಂಥ ಲಕ್ಷಣಗಳಿದ್ದ ಮಕ್ಕಳಲ್ಲಿ ಮರಣವೂ ಹೆಚ್ಚೆಂದು ಆಲ್‌ಫ್ರೆಡ್ ಸಾಮರ್ ಎಂಬ ಅಮೆರಿಕದ ನೇತ್ರವೈದ್ಯರು ಮತ್ತು ಅವರ ಸಂಗಡಿಗರು 1983ರಲ್ಲಿ ತಿಳಿಸಿದರು. ಆದರೆ ಸಾವಿಗೆ ಕಾರಣ ಜೀವಸತ್ತ್ವದ ಕೊರತೆಯೋ, ಅದರೊಡನೆ ಬರುವ ಬಡತನವೋ? ಇದನ್ನು ನಿರ್ಧರಿಸಲು ಅಚೇಯ 450 ಹಳ್ಳಿಗಳಲ್ಲಿ ಪ್ರಯೋಗ ನಡೆಯಿತು. ಚೀಟಿ ಎತ್ತಿದಂತೆ, ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲದೆ, 229 ಹಳ್ಳಿಗಳನ್ನು ಗುಳಿಗೆ ಹಂಚಲು ಆರಿಸಲಾಯಿತು. ಉಳಿದ 221 ಹಳ್ಳಿಗಳು ಒಂದು ವರ್ಷ ಕಾಯಬೇಕಾಯಿತು. ಆರು ತಿಂಗಳ ಅಂತರದಲ್ಲಿ ಎರಡು ಸಲ ಊರಿನ ಸ್ವಯಂಸೇವಕರು ಮಕ್ಕಳಿಗೆ ಗುಳಿಗೆಗಳನ್ನು ಕೊಟ್ಟರು. ಫಲಿತಾಂಶ 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೆ ಗುಳಿಗೆ ಎಲ್ಲ ಮಕ್ಕಳನ್ನೂ ಮುಟ್ಟಲಿಲ್ಲ. 1991ರಲ್ಲಿ ಸಾಮರ್ ಅವರೂ ಸಂಖ್ಯಾಶಾಸ್ತ್ರಜ್ಞ ಸ್ಕಾಟ್ ಝೀಗರ್ ಅವರೂ ಈ ತೊಡಕನ್ನು ಬಿಡಿಸಲು ಬಳಸಿದ ಅಂಕಿಗಳು ಇವು. ಗುಳಿಗೆಯ ಹಳ್ಳಿಗಳಲ್ಲಿ 12,094 ಮಕ್ಕಳು. ಅವರಲ್ಲಿ ಗುಳಿಗೆ ಪಡೆದವರು 9,675, ಎಂದರೆ ಐದರಲ್ಲಿ ನಾಲ್ಕು ಪಾಲು. ಇವರಲ್ಲಿ ಸತ್ತವರು 12. ಪಡೆಯದ 2,419 ಮಕ್ಕಳಲ್ಲಿ ಸತ್ತವರು 34. ಕಾಯುವ ಹಳ್ಳಿಗಳ 11,588 ಮಕ್ಕಳಲ್ಲಿ ಸತ್ತವರು 74.

ಅವಸರದ ಲೆಕ್ಕ ಹೀಗೆ ಹೇಳೀತು: ಪಡೆದವರಲ್ಲಿ ಸಾವಿರಕ್ಕೆ 1.2 ಸಾವು, ಪಡೆಯದವರಲ್ಲಿ ಸಾವಿರಕ್ಕೆ 14.1, ಗುಳಿಗೆಯ ಮಹಿಮೆ ಎಷ್ಟು ದೊಡ್ಡದು! ತುಸು ತಾಳಿ ನೋಡೋಣ. ಕಾಯುವ ಹಳ್ಳಿಗಳ ಮಕ್ಕಳಿಗೂ ಗುಳಿಗೆ ಸಿಕ್ಕಿರಲಿಲ್ಲ. ಅಲ್ಲಿ ಸಾವು ಸಾವಿರಕ್ಕೆ 6.4 ಮಾತ್ರ. ಗುಳಿಗೆಯಿಲ್ಲದ ಎರಡು ಗುಂಪುಗಳಲ್ಲಿ ಇಷ್ಟು ಅಂತರವೇಕೆ? ಗುಳಿಗೆ ಮುಟ್ಟದ ಮಕ್ಕಳು ಮೊದಲಿನಿಂದಲೇ ಹೆಚ್ಚಿನ ಅಪಾಯದಲ್ಲಿದ್ದರೆಂಬುದೇ ಇದರ ಅರ್ಥ. ಆದ್ದರಿಂದ ಪಡೆದವರನ್ನೂ ಪಡೆಯದವರನ್ನೂ ಹೋಲಿಸುವುದು ಗಟ್ಟಿಮುಟ್ಟಾದವರನ್ನು ದುರ್ಬಲರೊಡನೆ ಓಡಿಸಿದಂತೆ.

ಚೀಟಿಯು ಸಮಮಾಡಿದ್ದು ಇಡೀ ಗುಂಪುಗಳನ್ನು. ಅವುಗಳನ್ನೇ ಹೋಲಿಸಿದರೆ ಒಂದು ಕಡೆ 12,094 ಮಕ್ಕಳಲ್ಲಿ 46 ಸಾವು, ಎಂದರೆ ಸಾವಿರಕ್ಕೆ 3.80, ಇನ್ನೊಂದು ಕಡೆ 6.39. ವ್ಯತ್ಯಾಸ ಸಾವಿರಕ್ಕೆ ಸುಮಾರು 2.58. ಇದು ನಂಬಲರ್ಹವಾದ ಸಂಖ್ಯೆ. ಆದರೆ ಇದು ಹಂಚಿಕೆಯ ಫಲ, ಸೇವನೆಯ ಫಲವಲ್ಲ. ಐದರಲ್ಲೊಂದು ಪಾಲು ಮಕ್ಕಳಿಗೆ ಗುಳಿಗೆ ತಲಪದೆ ಇದು ತೆಳುವಾಗಿದೆ.

ಈಗ ಸೂಕ್ಷ್ಮವಾದ ಹೆಜ್ಜೆ. ಗುಳಿಗೆ ಬಂದಿದ್ದರೂ ಪಡೆಯದೆ ಉಳಿಯುತ್ತಿದ್ದ ಮಕ್ಕಳು ಕಾಯುವ ಹಳ್ಳಿಗಳಲ್ಲಿಯೂ ಇರಲೇಬೇಕು. ಅವರು ಯಾರೆಂದು ಗುರುತಿಸಲಾರೆವು. ಆದರೆ ಎಷ್ಟು ಮಂದಿಯೆಂದು ಹೇಳಬಲ್ಲೆವು. ಚೀಟಿ ಪಕ್ಷಪಾತವಿಲ್ಲದ್ದಾದ್ದರಿಂದ ಅಲ್ಲಿಯೂ ಅವರು ಐದರಲ್ಲೊಂದು ಪಾಲು, ಸುಮಾರು 2,318. ಇವರಿಗೆ ಎರಡು ಕಡೆಯೂ ಗುಳಿಗೆಯಿಲ್ಲ. ಆದ್ದರಿಂದ ಮರಣವೂ ಅದೇ, ಸಾವಿರಕ್ಕೆ 14.1, ಎಂದರೆ ಸುಮಾರು 33 ಸಾವು. ಇದನ್ನು 74ರಿಂದ ಕಳೆದರೆ, ಗುಳಿಗೆ ಸಿಕ್ಕಿದ್ದರೆ ಪಡೆಯುತ್ತಿದ್ದ ಉಳಿದ 9,270 ಮಕ್ಕಳಲ್ಲಿ ಸುಮಾರು 41 ಸಾವು: ಸಾವಿರಕ್ಕೆ 4.5. ಇಂಥವರೇ ಗುಳಿಗೆ ಪಡೆದಾಗ ಸಾವು 1.2. ಸಮಾನರನ್ನು ಸಮಾನರೊಡನೆ ಹೋಲಿಸಿದಾಗ ದೊರೆತ ವ್ಯತ್ಯಾಸ ಸಾವಿರಕ್ಕೆ ಸುಮಾರು 3.2, ಮರಣದಲ್ಲಿ ಶೇಕಡ 72ರಷ್ಟು ಇಳಿತ.

ಇದನ್ನೇ ಒಂದು ಭಾಗಾಕಾರದಲ್ಲಿ ಮುಗಿಸಬಹುದು. ಐದರಲ್ಲೊಂದು ಪಾಲು ನೀರು ಬೆರೆತ ಹಾಲಿನ ಸತ್ತ್ವವನ್ನು ಅಳೆದು ಐದರಲ್ಲಿ ನಾಲ್ಕರಿಂದ ಭಾಗಿಸಿದರೆ ಗಟ್ಟಿ ಹಾಲಿನ ಸತ್ತ್ವ ತಿಳಿಯುತ್ತದೆ. ಹಾಗೆಯೇ 2.58ನ್ನು 0.8ರಿಂದ ಭಾಗಿಸಿದರೆ 3.2 ದೊರೆಯುತ್ತದೆ.

ಆದರೆ ಈ ಸರಳ ಭಾಗಾಕಾರದ ಹಿಂದೆ ಕೆಲವು ಕಟ್ಟುಪಾಡುಗಳಿವೆ. ಕಾಯುವ ಹಳ್ಳಿಗಳ ಮಕ್ಕಳಿಗೆ ಗುಳಿಗೆ ಬೇರೆ ದಾರಿಯಿಂದ ಸಿಕ್ಕಿರಬಾರದು, ಸಿಕ್ಕಿದ್ದರೆ 0.8ರ ಬದಲು ಎರಡು ಗುಂಪುಗಳಲ್ಲಿ ಪಡೆದವರ ಪಾಲಿನ ವ್ಯತ್ಯಾಸದಿಂದ ಭಾಗಿಸಬೇಕು. ಚೀಟಿಯು ಗುಳಿಗೆಯ ಮೂಲಕವಲ್ಲದೆ ಬೇರಾವ ವಿಧದಲ್ಲಿಯೂ ಜೀವದ ಮೇಲೆ ಪರಿಣಾಮ ಮಾಡಿರಬಾರದು. ಸ್ವಯಂಸೇವಕರ ಬರವನ್ನು ಕಂಡು ತಾಯಂದಿರು ಆಹಾರದಲ್ಲಿ ಹೆಚ್ಚು ಎಚ್ಚರ ವಹಿಸಿದ್ದರೆ ಆ ಫಲವೂ ಗುಳಿಗೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಅಚೇಯಲ್ಲಿ ಹುಸಿ ಗುಳಿಗೆ ಕೊಟ್ಟಿರಲಿಲ್ಲವಾದ್ದರಿಂದ ಈ ಸಂಶಯಕ್ಕೆ ಎಡೆಯಿದೆ. ಮೇಲಾಗಿ 12, 34 ಇವು ಸಣ್ಣ ಸಂಖ್ಯೆಗಳು. ಇವುಗಳಲ್ಲಿ ಆಕಸ್ಮಿಕದ ಏರಿಳಿತವೂ ಇರುತ್ತದೆ. ಇಂಥ ನಿಬಂಧನೆಗಳನ್ನು ಆಂಗ್ರಿಸ್ಟ್, ಇಂಬೆನ್ಸ್, ರೂಬಿನ್ ಎಂಬ ಮೂವರು 1996ರಲ್ಲಿ ಸ್ಪಷ್ಟವಾಗಿ ನಿರೂಪಿಸಿದರು. ಅವರಲ್ಲಿ ಮೊದಲಿನ ಇಬ್ಬರು 2021ರ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಭಾಗಿಗಳಾದರು.

ಹಾಗಾದರೆ ನಿಜವಾದ ಉತ್ತರ ಯಾವುದು, 2.58ರೋ 3.2ರೋ? ಎರಡೂ ನಿಜವೇ, ಪ್ರಶ್ನೆಗಳು ಬೇರೆ. ಹಂಚಿಕೆಗೆ ಹಣ ಒದಗಿಸುವ ಅಧಿಕಾರಿಗೆ ಮೊದಲನೆಯದು ಬೇಕು. ಗುಳಿಗೆಯನ್ನು ಕೈಯಲ್ಲಿ ಹಿಡಿದ ತಾಯಿಗೆ ಎರಡನೆಯದು ಬೇಕು. ಪಡೆಯದೆ ಉಳಿದ ಮಕ್ಕಳಿಗೆ ಗುಳಿಗೆ ಎಷ್ಟು ನೆರವಾಗುತ್ತಿತ್ತೆಂಬುದನ್ನು ಮಾತ್ರ ಎರಡೂ ಹೇಳಲಾರವು. ಆದರೆ ಅತಿ ಹೆಚ್ಚು ಸಾವು ಸಂಭವಿಸಿದ್ದು ಅವರಲ್ಲಿಯೇ. ಇಂಥ ಲೆಕ್ಕವನ್ನು ಮಾಡಿ ಮುಗಿಸಿದವರು ಮುಂದೆ ತಟ್ಟಬೇಕಾದುದು ಗುಳಿಗೆ ತಲಪದ ಆ ಐದನೆಯ ಮಗುವಿನ ಮನೆಯ ಬಾಗಿಲನ್ನು.