ಹಳೆಯ ಪಟದಲ್ಲಿ ನಿಂತ ಮೋಟಾರು ಗಾಡಿ

ಜಾಲಹಳ್ಳಿಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಈಚೆಗೆ ಒಂದು ಛಾಯಾಚಿತ್ರವನ್ನು ನನ್ನ ಬಳಿಗೆ ತಂದಳು. ಅಂಗೈ ಅಗಲದ ಕಪ್ಪು ಬಿಳುಪಿನ ಪಟ, ಅಂಚುಗಳು ಹಳದಿಗಟ್ಟಿದ್ದವು. ಒಂದು ಮೋಟಾರು ಗಾಡಿ, ಅದರ ಮುಂದೆ ಎಳೆಯ ಹೆಂಗಸೊಬ್ಬಳು, ಅವಳ ಸೊಂಟದ ಮೇಲೆ ಆರೇಳು ತಿಂಗಳ ಕೂಸು. ಬೆನ್ನಿನಲ್ಲಿ ‘ಜಾಲಹಳ್ಳಿ’ ಎಂದು ಮಾತ್ರ ಬರೆದಿತ್ತು, ತಾರೀಖು ಇರಲಿಲ್ಲ.

ಆ ಹೆಂಗಸು ವಿದ್ಯಾರ್ಥಿನಿಯ ಅಜ್ಜಿ. ಅಜ್ಜ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದವರು. ಇಬ್ಬರೂ ಈಗ ಇಲ್ಲ. ಅವರಿಗೆ 1957ರಲ್ಲಿ ಹುಟ್ಟಿದ ಚೊಚ್ಚಲ ಹೆಣ್ಣು ಮಗು ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಅನಂತರ 1963ರಲ್ಲಿ ಒಬ್ಬ ಮಗ ಹುಟ್ಟಿದನು. ಆತನೇ ಈ ವಿದ್ಯಾರ್ಥಿನಿಯ ತಂದೆ. ಪಟದ ಕೂಸು ಯಾವುದು? “ಇದು ನಮ್ಮ ಅಕ್ಕನ ಚೊಚ್ಚಲ ಕೂಸೇ ಕಣಮ್ಮ” ಎಂದು ಆಕೆಯ ಚಿಕ್ಕಜ್ಜಿಯ ಹಟ. ತಂದೆಯವರು ಅದು ತಾವೇ ಎನ್ನುತ್ತಾರೆ. ಚಿಕ್ಕಜ್ಜಿಯ ಮಾತು ನಿಜವಾದರೆ ಆ ಕೂಸಿನ ಗುರುತಾಗಿ ಉಳಿದಿರುವುದು ಜಗತ್ತಿನಲ್ಲಿ ಇದೊಂದೇ ಪಟ. ಸಾಕ್ಷಿ ಹೇಳಬಲ್ಲ ಮನುಷ್ಯರು ಯಾರೂ ಇಲ್ಲದಿರಲು, ಹಿಂದೆ ನಿಂತಿರುವ ಗಾಡಿಯನ್ನೇ ಕೇಳಬೇಕಾಯಿತು.

ಗಾಡಿಯ ಸಾಕ್ಷ್ಯಕ್ಕೆ ಒಂದು ವಿಚಿತ್ರ ಗುಣವುಂಟು. ವಾಚಕರು ಇದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇನ್ನೂ ತಯಾರಾಗದ ಗಾಡಿಯ ಪಕ್ಕದಲ್ಲಿ ಯಾರೂ ನಿಲ್ಲಲಾರರು. ಆದಕಾರಣ, ಪಟವು ಇಂಥ ವರ್ಷಕ್ಕಿಂತ ಹಿಂದಿನದಲ್ಲ ಎಂದು ಗಾಡಿಯು ಖಂಡಿತವಾಗಿ ಹೇಳಬಲ್ಲದು. ಆದರೆ ಇಂಥ ವರ್ಷಕ್ಕಿಂತ ಈಚಿನದಲ್ಲ ಎಂದು ಹೇಳಲು ಅದಕ್ಕೆ ಅಧಿಕಾರವಿಲ್ಲ. ನಮ್ಮ ದೇಶದಲ್ಲಂತೂ ಮೋಟಾರು ಗಾಡಿಯನ್ನು ಇಪ್ಪತ್ತು ಮೂವತ್ತು ವರ್ಷ ಓಡಿಸುವುದು ಹೊಸ ಮಾತಲ್ಲವಷ್ಟೆ. ಪಟದ ಗಾಡಿಯು ಹಳೆಯ ಮಾದರಿಯದಾಗಿದ್ದರೆ ಚಿಕ್ಕಜ್ಜಿಯ ಮಾತು ಸಾಧ್ಯವೆನ್ನಬಹುದಿತ್ತು, ಸಿದ್ಧವೆನ್ನಲಾಗುತ್ತಿರಲಿಲ್ಲ. ಹೊಸ ಮಾದರಿಯದಾಗಿದ್ದರೆ ಆ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ಗಾಡಿಯನ್ನು ನೋಡುವ ಮುನ್ನ ಪಟವನ್ನೇ ಶಂಕಿಸಬೇಕು. ನೆಗೆಟಿವನ್ನು ತಿರುವುಮುರುವಾಗಿ ಇಟ್ಟು ಮುದ್ರಿಸಿದರೆ ಎಡ ಬಲಗಳು ಅದಲುಬದಲಾಗುತ್ತವೆ; ಬಲಗಡೆಯ ಸ್ಟಿಯರಿಂಗು ಎಡಕ್ಕೆ ಬಂದು, ಗಾಡಿಯನ್ನು ಅಮೆರಿಕದ್ದೆಂದು ಭ್ರಮಿಸುವ ಅಪಾಯವುಂಟು. ನಮ್ಮ ಮನೆಗಳ ಪಟಗಳಲ್ಲಿ ಇದಕ್ಕೆ ಸುಲಭವಾದ ಪರೀಕ್ಷೆಯಿದೆ: ಸೀರೆಯ ಸೆರಗು ಸಾಮಾನ್ಯವಾಗಿ ಎಡಭುಜದ ಮೇಲಿರುತ್ತದೆ. (ಬಲಭುಜಕ್ಕೆ ಸೆರಗು ಹೊದೆಯುವ ಕಡೆಗಳೂ ಉಂಟಾದ್ದರಿಂದ ಗಂಡಸರ ಅಂಗಿಯ ಗುಂಡಿಗಳನ್ನೂ ನೋಡುವುದು ಲೇಸು.) ಈ ಪಟದಲ್ಲಿ ಸೆರಗು ಎಡಕ್ಕೂ ಸ್ಟಿಯರಿಂಗು ಬಲಕ್ಕೂ ಇದ್ದವು.

ಎರಡನೆಯ ಶಂಕೆ ನಮ್ಮ ಕಾಲದ್ದು. ಹಳೆಯ ಪಟಗಳನ್ನು ‘ಸ್ಪಷ್ಟಗೊಳಿಸುವ’ ಕಂಪ್ಯೂಟರ್ ಕ್ರಮವಿಧಿಗಳು ಈಗ ಎಲ್ಲರ ಕೈಯಲ್ಲೂ ಇವೆ. ಅವು ಮಸುಕಾದ ಕಡೆಯಲ್ಲಿ ಇದ್ದುದನ್ನು ಹುಡುಕಿ ತೋರಿಸುವುದಿಲ್ಲ. ಇದ್ದಿರಬಹುದಾದುದನ್ನು ಊಹಿಸಿ ಬರೆಯುತ್ತವೆ. ಗಾಡಿಯ ಮುಖದ ಜಾಲರಿಯಲ್ಲಿ ಇಲ್ಲದ ಕಂಬಿಗಳು ಹೊಳೆಹೊಳೆಯುತ್ತ ಮೂಡಿಬಿಡಬಹುದು. ಆ ವಿದ್ಯಾರ್ಥಿನಿ ಮೊದಲು ನನಗೆ ತೋರಿಸಿದುದು ಇಂಥ ಪ್ರತಿಯನ್ನೇ. ನಾನು ಅದನ್ನು ಬದಿಗಿಟ್ಟು ಮೂಲ ಪಟವನ್ನು ತರಹೇಳಿದೆನು. ದೊಡ್ಡ ನೆಗೆಟಿವಿನಿಂದ ನೇರವಾಗಿ ಒತ್ತಿ ತೆಗೆದ ಹಳೆಯ ಸಣ್ಣ ಪಟಗಳಲ್ಲಿ ಬರಿಗಣ್ಣಿಗೆ ಕಾಣದ ವಿವರ ಬಹಳ ಅಡಗಿರುತ್ತದೆ. ಒಳ್ಳೆಯ ಭೂತಗನ್ನಡಿಯೊಂದೇ ಸಾಕು.

ಇಂಥ ಗಾಡಿಗಳನ್ನೆಲ್ಲ ‘ವಿಂಟೇಜ್’ ಎನ್ನುವುದು ರೂಢಿಯಾಗಿದೆ. ಈ ಶಬ್ದ ದ್ರಾಕ್ಷಿಯ ಕೊಯ್ಲಿಗೆ ಸಂಬಂಧಿಸಿದುದು. ಇಂಗ್ಲೆಂಡಿನ ಹವ್ಯಾಸಿಗಳ ಲೆಕ್ಕದಲ್ಲಿ ವಿಂಟೇಜ್ ಎಂದರೆ 1919ರಿಂದ 1930ರವರೆಗೆ ತಯಾರಾದ ಗಾಡಿ ಮಾತ್ರ. ಜಾಲಹಳ್ಳಿಯ ಗಾಡಿಗೆ ಆ ಪದವಿ ಸಲ್ಲುವುದಿಲ್ಲ. ಆದರೆ ವಾಚಕರ ಮನೆಗಳಲ್ಲಿ ಮುತ್ತಜ್ಜಂದಿರ ಕಾಲದ ಪಟಗಳಿರಬಹುದಾದ್ದರಿಂದ, ನಿಜವಾದ ವಿಂಟೇಜ್ ಗಾಡಿಗಳನ್ನೂ ಇಲ್ಲಿ ನೋಡಿಯೇ ಮುಂದೆ ಹೋಗೋಣ.

ಮೊದಲು ದೀಪಗಳು. ಫೋರ್ಡ್ ಕಂಪನಿಯ ‘ಟಿ’ ಮಾದರಿ 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. 1914ರವರೆಗಿನ ‘ಟಿ’ ಗಾಡಿಗಳ ಮುಂದೀಪ ಉರಿಯುತ್ತಿದ್ದುದು ಅನಿಲದಿಂದ: ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದಾಗ ಹುಟ್ಟುವ ಅಸಿಟಿಲೀನ್. 1915ರಿಂದ ವಿದ್ಯುದ್ದೀಪ ಬಂದಿತು. ಹಿತ್ತಾಳೆಯ ರೇಡಿಯೇಟರು ಹೋಗಿ, ಕಪ್ಪು ಬಣ್ಣದ ಉಕ್ಕಿನ ಕವಚವಿದ್ದ ರೇಡಿಯೇಟರು ಬಂದುದು 1917ರ ಗಾಡಿಗಳಲ್ಲಿ. ಮುಂದೆ ದೀಪವು ರೇಡಿಯೇಟರಿನ ಪಕ್ಕದ ಕಂಬವನ್ನು ಬಿಟ್ಟು ಮಡ್‌ಗಾರ್ಡಿನೊಳಕ್ಕೆ ಇಳಿಯಿತು. ಫೋರ್ಡ್ ಗಾಡಿಗಳಲ್ಲಿ ಇದು 1937ರ ಮಾತು.

ಫೋರ್ಡ್ ಗಾಡಿಗಳ ಬಾಗಿಲು ಇನ್ನೂ ಸ್ವಾರಸ್ಯದ್ದು. ಅಮೆರಿಕದಲ್ಲಿ ತಯಾರಾದ ತೆರೆದ ‘ಟಿ’ ಗಾಡಿಯಲ್ಲಿ ಬಹುಕಾಲ ಚಾಲಕನ ಪಕ್ಕಕ್ಕೆ ಬಾಗಿಲೇ ಇರಲಿಲ್ಲ; ತಗಡಿನ ಮೇಲೆ ಬಾಗಿಲಿನ ಗೆರೆಯನ್ನು ಮಾತ್ರ ಒತ್ತಿರುತ್ತಿದ್ದರು. ಬ್ರಿಟಿಷ್ ಸಾಮ್ರಾಜ್ಯದ ಬಹುಭಾಗಕ್ಕೆ, ನಮ್ಮ ದೇಶಕ್ಕೂ ಸಹ, ಫೋರ್ಡ್ ಗಾಡಿಗಳು ಬರುತ್ತಿದ್ದುದು ಕೆನಡಾದ ಕಾರ್ಖಾನೆಯಿಂದ. ಅಲ್ಲಿ ಎಡ ಬಲ ಎರಡು ಬಗೆಯ ಸ್ಟಿಯರಿಂಗಿಗೂ ಒಂದೇ ಮೈಕಟ್ಟು ಒದಗಬೇಕಾಗಿದ್ದುದರಿಂದ ಎರಡೂ ಪಕ್ಕಗಳಲ್ಲಿ ನಿಜವಾದ ಬಾಗಿಲುಗಳಿದ್ದವು. ಭೂತಗನ್ನಡಿಯಲ್ಲಿ ಕಾಣುವ ಒಂದು ಹಿಡಿಕೆ ಗಾಡಿಯ ತೌರೂರನ್ನು ಹೇಳಿಬಿಡುತ್ತದೆ!

ಬಣ್ಣವನ್ನು ಮಾತ್ರ ನಂಬಬಾರದು. ಹಿಂದೆ ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಫಲಕಗಳಿಗೆ ನೀಲಿ ಹಸಿರು ಕಿರಣಗಳು ತಾಗುತ್ತಿದ್ದವು, ಕೆಂಪು ತಾಗುತ್ತಿರಲಿಲ್ಲ. ಕೆಂಪು ಗಾಡಿ ಪಟದಲ್ಲಿ ಹೆಚ್ಚುಕಡಿಮೆ ಕಪ್ಪಾಗಿಯೇ ಬರುತ್ತಿತ್ತು. ಹಳೆಯ ಪಟಗಳಲ್ಲಿ ಮುತ್ತಜ್ಜಿಯರ ಹಣೆಯ ಕುಂಕುಮ ಕಾಡಿಗೆಯ ಬೊಟ್ಟಿನಂತೆ ಕಾಣುವುದನ್ನು ನೀವು ನೋಡಿರಬಹುದು, ಕಾರಣ ಇದೇ.

ಎರಡು ಗಾಡಿಗಳ ಮುಖ ಒಂದೇ ಬಗೆಯಾಗಿ ಕಂಡರೆ ಅಳತೆಯ ಮೊರೆ ಹೋಗಬಹುದು. ಮುಂದಿನ ಹಿಂದಿನ ಗಾಲಿಗಳ ನಡುಬಿಂದುಗಳ ಅಂತರಕ್ಕೆ ವೀಲ್‌ಬೇಸ್ ಎಂದು ಹೆಸರು. 1928ರ ಫೋರ್ಡ್ ‘ಎ’ ಮಾದರಿಯಲ್ಲಿ ಇದು 103.5 ಅಂಗುಲ, ಅದೇ ವರ್ಷದ ಷೆವ್ರೊಲೆಯಲ್ಲಿ 107 ಅಂಗುಲ. ಎರಡರ ಟೈರುಗಳ ವ್ಯಾಸವೂ ಸುಮಾರು 30 ಅಂಗುಲ. ವೀಲ್‌ಬೇಸನ್ನು ಟೈರಿನ ವ್ಯಾಸದಿಂದ ಭಾಗಿಸಿದರೆ ಫೋರ್ಡಿಗೆ 3.45, ಷೆವ್ರೊಲೆಗೆ 3.57 ಬರುತ್ತದೆ. ಗಾಡಿ ಓರೆಯಾಗಿ ನಿಂತಿದ್ದರೆ ಗಾಲಿಯು ವೃತ್ತವಾಗಿ ಕಾಣದೆ ಮೊಟ್ಟೆಯಾಕಾರವಾಗಿ ಕಾಣುವುದಷ್ಟೆ? ಆಗ ಗಾಲಿಯ ಎತ್ತರವನ್ನಲ್ಲ, ಅಡ್ಡಗಲವನ್ನು ಅಳೆಯಬೇಕು. ಓರೆಯಿಂದಾಗಿ ವೀಲ್‌ಬೇಸ್ ಎಷ್ಟು ಪಾಲು ಕುಗ್ಗಿ ಕಾಣುವುದೋ ಅಡ್ಡಗಲವೂ ಸರಿಸುಮಾರು ಅಷ್ಟೇ ಪಾಲು ಕುಗ್ಗುವುದರಿಂದ ಭಾಗಲಬ್ಧ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹತ್ತಿರದ ಗಾಲಿ ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಕಾಣುವುದಕ್ಕೆ ಎರಡನ್ನೂ ಅಳೆದು ಸರಾಸರಿ ತೆಗೆಯುವುದೇ ಮದ್ದು. ಮುಂದಿನ ಗಾಲಿ ತಿರುಗಿ ನಿಂತಿದ್ದರೆ ಅದನ್ನು ಬಿಟ್ಟುಬಿಡಬೇಕು. ಆದರೂ ಎಚ್ಚರಿಕೆ: ಗಾಲಿ 20 ಮಿಲಿಮೀಟರ್ ಕಾಣುವ ಪಟದಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ಶೇಕಡ 2.5ರಷ್ಟು ದೋಷ ಬಂದಂತಾಯಿತು; ಎರಡು ಗಾಡಿಗಳ ನಡುವಣ ವ್ಯತ್ಯಾಸವೇ ಶೇಕಡ 3.4. ವಿದ್ಯಾರ್ಥಿನಿಯ ಮನೆಯಲ್ಲಿ ಅಜ್ಜನ ವರ್ನಿಯರ್ ಕ್ಯಾಲಿಪರ್ ಇನ್ನೂ ಇದೆಯಂತೆ. ಇಂಥ ಕೆಲಸಕ್ಕೆ ಅದಕ್ಕಿಂತ ತಕ್ಕ ಉಪಕರಣವಿಲ್ಲ; ಆದರೆ ಆಕೆಯ ಪಟದಲ್ಲಿ ಗಾಡಿಯ ಹಿಂಭಾಗವೇ ಚೌಕಟ್ಟಿನ ಹೊರಗಿದ್ದುದರಿಂದ ಅಳೆಯಲು ಏನೂ ಸಿಕ್ಕಲಿಲ್ಲ.

ಈ ಗಾಡಿಗಳನ್ನು ಕಣ್ಣಾರೆ ನೋಡಿ ಕಣ್ಣು ಪಳಗಿಸಿಕೊಳ್ಳಬೇಕೆನ್ನುವವರು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೋ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಕ್ಕೋ ಹೋಗಬಹುದು.

ಸ್ವಾತಂತ್ರ್ಯಾನಂತರದ ಪಟಗಳಲ್ಲಿ ಕೆಲಸ ಹಗುರವಾಗುತ್ತದೆ. ಅದಕ್ಕೆ ಮೊದಲು ಹತ್ತಾರು ದೇಶಗಳ ನೂರಾರು ಮಾದರಿಗಳು ಇಲ್ಲಿ ಓಡುತ್ತಿದ್ದವು. ಜನರಲ್ ಮೋಟಾರ್ಸ್ ಸಂಸ್ಥೆಯು 1928ರಿಂದ ಮುಂಬಯಿಯಲ್ಲಿ ಬಿಡಿಭಾಗಗಳನ್ನು ಜೋಡಿಸಿ ಗಾಡಿಗಳನ್ನು ಮಾರುತ್ತಿತ್ತು. ನಮ್ಮ ದೇಶದಲ್ಲಿಯೇ ಗಾಡಿ ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳಿಗೆ ಹೋಗಿ ಕಾರ್ಖಾನೆಗಳನ್ನು ನೋಡಿ ಬಂದಿದ್ದರು. ಅವರ ಹಂಬಲ ಬೆಂಗಳೂರಿನಲ್ಲಿ ಕೈಗೂಡಿದ್ದರೆ ಈ ಪಟದ ಗಾಡಿಯೂ ನಮ್ಮೂರಿನದೇ ಆಗಿರುತ್ತಿತ್ತೋ ಏನೋ! 1953ರ ಸುಮಾರಿಗೆ ಸರ್ಕಾರವು, ಇಲ್ಲಿಯೇ ತಯಾರಿಸುವ ಯೋಜನೆಯುಳ್ಳವರಿಗೆ ಮಾತ್ರ ಅವಕಾಶವೆಂದು ಗೊತ್ತುಪಡಿಸಿತು. ಜೋಡಿಸಿ ಮಾರುತ್ತಿದ್ದ ವಿದೇಶೀ ಸಂಸ್ಥೆಗಳು ಹಿಂದೆಗೆದವು. ಉಳಿದ ಹೆಸರುಗಳನ್ನು ಬೆರಳೆಣಿಸಬಹುದು: ಕಲ್ಕತ್ತದ ಬಳಿಯ ಹಿಂದೂಸ್ತಾನ್ ಮೋಟಾರ್ಸ್, ಮುಂಬಯಿಯ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್. ಜಾಲಹಳ್ಳಿ ಬೆಳೆದುದೂ ಇದೇ ವರ್ಷಗಳಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರವಿದ್ದ ಊರಿಗೆ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದವು. ಕೆಲಸಗಾರರಲ್ಲಿ ಸ್ವಂತ ಗಾಡಿಯುಳ್ಳವರು ವಿರಳ. ಪಟದ ಗಾಡಿ ಅಜ್ಜನದೇ ಆಗಿರಬೇಕಿಲ್ಲ; ಯಾರದೋ ಗಾಡಿಯ ಪಕ್ಕದಲ್ಲಿ ನಿಂತು ಪಟ ತೆಗೆಸಿಕೊಳ್ಳುವುದು ಅಂದಿನ ಒಂದು ಸಂತೋಷ.

ಈಗ ಆ ಪಟಕ್ಕೆ ಬರೋಣ. ಕಾಣುತ್ತಿದ್ದುದು ಬಾನೆಟ್ಟು, ಒಂದು ಮುಂದೀಪ, ಸೀರೆಯ ಮರೆಯಲ್ಲಿ ಅರ್ಧ ಜಾಲರಿ, ಅರೆತೆರೆದ ಮುಂಬಾಗಿಲು. ಸಂಖ್ಯಾಫಲಕ ಅಜ್ಜಿಯ ಹಿಂದೆ ಮರೆಯಾಗಿತ್ತು. ಕಂಡಿದ್ದರೂ ಹೆಚ್ಚು ಉಪಕಾರವಾಗುತ್ತಿರಲಿಲ್ಲ. ಮೈಸೂರು ರಾಜ್ಯದ ‘ಎಂವೈ’ ಮೊದಲಾದ ಅಕ್ಷರಗಳು ಹೋಗಿ ‘ಕೆಎ’ ಬಂದುದು 1989ರಷ್ಟು ಈಚೆಗೆ.

ಮೊದಲು ಬಾಗಿಲು. ಪ್ರೀಮಿಯರ್ ಸಂಸ್ಥೆಯ ಆರಂಭದ ಫಿಯಟ್ 1100 ಗಾಡಿಗಳಲ್ಲಿ ಮುಂಬಾಗಿಲಿನ ಕೀಲು ಹಿಂಬದಿಗಿದ್ದು, ಬಾಗಿಲು ಅಲಮಾರದಂತೆ ಮುಂದಿನಿಂದ ತೆರೆಯುತ್ತಿತ್ತು. ಇಲ್ಲಿ ಕೀಲು ಮುಂಬದಿಗಿದೆ. ಆ ಫಿಯಟ್ಟುಗಳು ಹೋದವು. ಗಾಳಿಗಾಜು ನಡುವೆ ಪಟ್ಟಿಯಿಲ್ಲದ ಬಾಗಿದ ಒಂದೇ ತುಂಡು. ಎರಡು ತುಂಡು ಗಾಜಿನ ಹಿಂದೂಸ್ತಾನ್ 14 ಹೋಯಿತು. ದುಂಡನೆಯ ದೀಪ, ಉಬ್ಬಿದ ಮಡ್‌ಗಾರ್ಡುಗಳು ಮಾರಿಸ್ ಆಕ್ಸ್‌ಫರ್ಡ್ ವಂಶವನ್ನು ಸೂಚಿಸುತ್ತಿದ್ದವು. ಈ ವಂಶದಲ್ಲಿ 1954ರ ಲ್ಯಾಂಡ್‌ಮಾಸ್ಟರ್ ಅಣ್ಣನಾದರೆ, ಅದರ ಬೆನ್ನಿಗೆ 1957–58ರಲ್ಲಿ ಹುಟ್ಟಿ 2014ರವರೆಗೆ ತಯಾರಾದ ಅಂಬಾಸಡರ್ ತಮ್ಮ. ಇವೆರಡರ ವೀಲ್‌ಬೇಸೂ ಒಂದೇ, 97 ಅಂಗುಲ. ಗಾಡಿ ಪೂರ್ತಿ ಕಂಡಿದ್ದರೂ ಅಳತೆಗೋಲು ಇಲ್ಲಿ ಮೂಕವಾಗುತ್ತಿತ್ತು. ಆದರೆ ಲ್ಯಾಂಡ್‌ಮಾಸ್ಟರಿನ ಬಾನೆಟ್ಟು ನುಣುಪು. ಅಂಬಾಸಡರಿನ ಬಾನೆಟ್ಟಿನಲ್ಲಿ ಉದ್ದುದ್ದಕ್ಕೆ ತಗ್ಗುಗಳುಂಟು. ಪಟವನ್ನು ಓರೆಬೆಳಕಿಗೆ ಹಿಡಿದಾಗ ಆ ತಗ್ಗಿನ ನೆರಳು ಕಂಡಿತು.

ಇಲ್ಲಿಯವರೆಗೆ ಚಿಕ್ಕಜ್ಜಿಯ ಮಾತಿಗೆ ಎಡೆಯಿತ್ತು. ಕೂಸು ಬದುಕಿದ್ದ ಕಾಲದಲ್ಲಿ ಮೊದಲ ಅಂಬಾಸಡರುಗಳು ಬೀದಿಗೆ ಬಂದಿದ್ದವು. ಉಳಿದುದು ಜಾಲರಿ. ಭೂತಗನ್ನಡಿಯ ಕೆಳಗೆ, ಸೀರೆಯ ಅಂಚಿನ ಪಕ್ಕದಲ್ಲಿ, ಚದುರಂಗದ ಮಣೆಯ ಮನೆಗಳಂತೆ ಸಾಲಾಗಿ ಜೋಡಿಸಿದ ಸಣ್ಣ ಚೌಕಗಳು ಕಂಡವು. ಒಂದು ಸಾಲಿನಲ್ಲಿ ಐದನ್ನು ನಾವಿಬ್ಬರೂ ಬೇರೆ ಬೇರೆಯಾಗಿ ಎಣಿಸಿದೆವು. ಈ ಚೌಕಜಾಲರಿಯು ಅಂಬಾಸಡರಿನ ಎರಡನೆಯ ಆವೃತ್ತಿಯದು, ‘ಮಾರ್ಕ್ 2’. ಅದು ಬಂದುದು 1962ರಲ್ಲಿ.

“ಹಳೆಯ ಗಾಡಿಗೆ ಹೊಸ ಜಾಲರಿ ಹಾಕಿಸಿರಬಹುದಲ್ಲವೆ?” ಎಂದು ವಿದ್ಯಾರ್ಥಿನಿ ಕೇಳಿದಳು. ಒಳ್ಳೆಯ ಪ್ರಶ್ನೆ; ನಮ್ಮ ಗರಾಜುಗಳಲ್ಲಿ ಇದು ದಿನದ ಕೆಲಸ. ಆದರೆ ಗಾಡಿ ಯಾವ ವರ್ಷದ್ದೇ ಆಗಿರಲಿ, 1962ಕ್ಕೆ ಮೊದಲು ಆ ಜಾಲರಿಯೇ ಇರಲಿಲ್ಲ. ಪಟದಲ್ಲಿರುವ ವಸ್ತುಗಳಲ್ಲಿ ಅತ್ಯಂತ ಹೊಸದು ಯಾವುದೋ ಅದರ ವಯಸ್ಸೇ ಪಟಕ್ಕೆ ಎಲ್ಲೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅದು ಚೊಚ್ಚಲ ಕೂಸಲ್ಲ. ಹಾಗೆಂದ ಮಾತ್ರಕ್ಕೆ ಅದು ಆಕೆಯ ತಂದೆಯೇ ಎಂದು ಗಾಡಿ ಹೇಳಿದಂತಾಗಲಿಲ್ಲ. 1963ರ ಮಗುವಿಗೆ ಕಾಲ ಹೊಂದುತ್ತದೆ, ನೆರೆಮನೆಯ ಕೂಸಿಗೂ ಹೊಂದುತ್ತದೆ.

ಮುಂದಿನ ವಾರ ಅವಳು ಮತ್ತೆ ಬಂದಿದ್ದಳು. ವಿಷಯವನ್ನು ತಿಳಿಸಿದಾಗ ಚಿಕ್ಕಜ್ಜಿ ಪಟವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರಂತೆ. “ಹಾಗಾದರೆ ಅದರದು ಒಂದು ಪಟವೂ ಇಲ್ಲವಲ್ಲ ಮಗಳೇ” ಎಂದರಂತೆ. ಬೆನ್ನಿನಲ್ಲಿ ಏನೆಂದು ಬರೆಯಬೇಕೆಂದು ಕೇಳಲು ಅವಳು ಬಂದಿದ್ದಳು. ಬಾಲ್‌ಪೆನ್ನು ಬೇಡ, ಶಾಯಿ ಒಳಗಿಳಿದು ಮುಖದ ಕಡೆಗೆ ಮೂಡುತ್ತದೆ ಎಂದು ಹೇಳಿ, ಮೆತ್ತನೆಯ ಸೀಸದ ಕಡ್ಡಿಯನ್ನು ಕೊಟ್ಟೆನು. ‘ಜಾಲಹಳ್ಳಿ’ ಎಂಬ ಹಳೆಯ ಬರಹದ ಕೆಳಗೆ ‘1962 ಅಥವಾ ಅನಂತರ’ ಎಂದು ಬರೆದಳು. ಕೂಸಿನ ಹೆಸರಿಗೆ ಜಾಗ ಬಿಟ್ಟಳು.